ಇಪ್ಪತ್ತಮೂರರ ಗೋಡೆ

ಫೆಬ್ರವರಿ 3, ಸೋಮವಾರ

ಎಂಬತ್ತೆಂಟನೇ ಸೆಗ್ಮೆಂಟಿಗೆ ಲೇಪ ಹಚ್ಚಿದೆವು. ಹೊಸದಾಗಿ ಸೇರಿದ ಹೆಂಗಸಿಗೆ ದೊಡ್ಡಕ್ಕ ಪಾಠ ಹೇಳುತ್ತಿದ್ದಳು.

“ನೋಡೇ, ಸೇತುವೆ ಅಂದ್ರೆ ಬ್ರೆಡ್ ಇದ್ದ ಹಾಗೆ, ಹೋಳು ಹೋಳು. ಇಲ್ಲಿ ಒಂದೊಂದೇ ಹೋಳು ಎರಕ ಹೊಯ್ತೀವಿ, ಅಲ್ಲಿ ನದಿ ಮೇಲೆ ಪೋಣಿಸ್ತಾರೆ. ಹಳೇ ಹೋಳಿನ ಮುಖಕ್ಕೆ ಒತ್ತಿಕೊಂಡೇ ಹೊಸದನ್ನ ಸುರಿಯೋದು. ಆಗ ಅದು ಇದಕ್ಕೆ ಕೂದಲೆಳೆ ಬಿಡದೆ ಕೂರುತ್ತೆ, ಬೇರೆ ಯಾವುದಕ್ಕೂ ಕೂರಲ್ಲ. ನಡುವೆ ನಮ್ಮ ಸೋಪು-ಪೌಡರಿನ ಲೇಪ ಇಲ್ಲದಿದ್ರೆ ಎರಡೂ ಸೇರಿ ಒಂದೇ ಬಂಡೆ. ಮೈಗೆ ಮೈ ತಾಗಿರಬೇಕು, ಅಂಟಬಾರದು. ಅತ್ತೆ-ಸೊಸೆ ಥರ.”

ಎಲ್ಲರೂ ನಕ್ಕರು. ನನ್ನ ಮುಖ ನೋಡಿ ನಿಲ್ಲಿಸಿದರು. ನಾನು ಹೋದಲ್ಲೆಲ್ಲ ನಗು ನಿಂತುಹೋಗುತ್ತದೆ.

ನಮ್ಮವರು ಹೋಗಿ ಇವತ್ತಿಗೆ ನಾಲ್ಕು ತಿಂಗಳು. ಈ ಪುಸ್ತಕವೂ ಅವರದೇ. ಸರ್ವೇ ಕೋಣೆಯಿಂದ ತಂದಿಟ್ಟಿದ್ದರು, ಒಂದು ಅಕ್ಷರವನ್ನೂ ಬರೆದಿರಲಿಲ್ಲ. ಹದಿನೆಂಟು ವರ್ಷ ಯಾರ್ಡುಗಳಲ್ಲಿ ದುಡಿದ ಮನುಷ್ಯ, ಬೆಳಗಿನ ಒಳ್ಳೆಯ ಬೆಳಕಿನಲ್ಲಿ, ಅಚ್ಚಿನ ಮೇಲೆ ಹಲಗೆ ಇಲ್ಲದ ಕಡೆ ಯಾಕೆ ಕಾಲಿಟ್ಟರು? ಬಿದ್ದರು ಎಂದು ಎಲ್ಲರೂ ಹೇಳುತ್ತಾರೆ. ಯಾಕೆ ಎಂದು ಯಾರೂ ಹೇಳುವುದಿಲ್ಲ.

ಫೆಬ್ರವರಿ 4, ಮಂಗಳವಾರ

ಅತ್ತೆ ಇವತ್ತೂ ಮಾತಾಡಲಿಲ್ಲ. “ನೀರು ಬಂತು,” “ಬಾಗಿಲು ಹಾಕು,” ಇಷ್ಟೇ. ಶಾಲೆಯಲ್ಲಿ ಮೂವತ್ತು ವರ್ಷ ಅಟೆಂಡರ್ ಆಗಿ ಗಂಟೆ ಹೊಡೆದವರು, ಮೇಷ್ಟ್ರುಗಳನ್ನೇ ಗದರುತ್ತಿದ್ದವರು. ಈಗ ಗೋಡೆಯ ಕಡೆ ತಿರುಗಿ ಮಲಗುತ್ತಾರೆ. ಮಗನನ್ನು ನಾನು ಸರಿಯಾಗಿ ನೋಡಿಕೊಳ್ಳಲಿಲ್ಲ ಎಂಬ ಸಿಟ್ಟಿರಬೇಕು.

ಇರುವುದು ಒಂದು ಕೋಣೆ, ಒಂದು ಅಡುಗೆಮನೆ. ಸಿಮೆಂಟ್ ಧೂಳು ಬರುತ್ತದೆಂದು ಕಿಟಕಿಗೆ ನಮ್ಮವರೇ ಮೊಳೆ ಹೊಡೆದಿದ್ದರು. ತೆಗೆಯೋಣವೆಂದರೆ ಅತ್ತೆ ಏನೆನ್ನುತ್ತಾರೋ. ಗಂಡನ ಹೆಸರಲ್ಲಿ ನನಗೆ ಕೆಲಸ ಕೊಟ್ಟಿದ್ದಾರೆ, ಕೆಲಸ ಇರುವವರೆಗೆ ಮನೆ. ಅತ್ತೆಯನ್ನು ಬಿಟ್ಟು ಹೋಗುವ ಹಾಗಿಲ್ಲ, ಕರೆದುಕೊಂಡು ಹೋಗಲು ಜಾಗವಿಲ್ಲ. ಬೇಲಿಯ ಆಚೆಗೆ ನಾನು ಹೋಗಿ ಹದಿನೇಳು ದಿನವಾಯಿತು.

ಫೆಬ್ರವರಿ 6, ಗುರುವಾರ

ಯಾರ್ಡಿನಲ್ಲಿ ಇವತ್ತು ಒಂದೇ ಮಾತು. ಸೆಗ್ಮೆಂಟುಗಳನ್ನು ನದಿಗೆ ಸಾಗಿಸುವ ಮುಂಚೆ ಹೊರಗಿನವರು ಬಂದು ಎಲ್ಲವನ್ನೂ ಮತ್ತೊಮ್ಮೆ ಅಳೆದರು. ಮೂವತ್ತೊಂದರಲ್ಲಿ, ಅಳತೆಗೆಂದು ಮೇಲೆ ನೆಟ್ಟ ಒಂದು ಬೋಲ್ಟಿನ ಎತ್ತರ ಆರು ಮಿಲ್ಲಿಮೀಟರ್ ತಪ್ಪು. ಆ ತಪ್ಪನ್ನೇ ನಂಬಿ ಮೂವತ್ತೆರಡನ್ನು ಕೂರಿಸಿ ಹೊಯ್ದಿದ್ದಾರೆ. ನಲವತ್ತು ತಲುಪುವಷ್ಟರಲ್ಲಿ ಸಾಲು ನಾಲ್ಕು ಬೆರಳು ಓರೆ.

ಮೂವತ್ತೊಂದು ನಮ್ಮವರ ಕಾಲದ್ದು. ಹೊಯ್ದ ಮಾರನೆಯ ಬೆಳಗ್ಗೆ ಬೋಲ್ಟುಗಳ ಮೇಲೆ ಅಳತೆ ಕೋಲು ನಿಲ್ಲಿಸಿ, ಮೊದಲು ಸರ್ವೇಯರ್, ಎಲ್ಲರ ಬಾಯಲ್ಲಿ ಲೆವೆಲ್ ಸಾರ್, ಯಂತ್ರದಲ್ಲಿ ನೋಡಿ ಚೀಟಿಯಲ್ಲಿ ಬರೆಯಬೇಕು. ಆಮೇಲೆ ನಮ್ಮವರು ನೋಡಿ ತಮ್ಮ ಚೀಟಿಯಲ್ಲಿ ಬರೆಯಬೇಕು. ಒಬ್ಬರು ಇನ್ನೊಬ್ಬರಿಗೆ ಹೇಳುವಂತಿಲ್ಲ. ಒಬ್ಬ ತಪ್ಪಿದರೆ ಇನ್ನೊಬ್ಬನ ಚೀಟಿ ಹಿಡಿಯುತ್ತದೆ. ಇಲ್ಲಿ ಎರಡು ಚೀಟಿಯಲ್ಲೂ ಅದೇ ತಪ್ಪಿದೆ.

ಮ್ಯಾನೇಜರ್ ಕರೆಸಿದರು. ಕುರ್ಚಿ ಹಾಕಿಸಿದರು. “ನೋಡಮ್ಮ, ತಪ್ಪು ಓದೋದು ಮನುಷ್ಯ ಸಹಜ. ಅದಕ್ಕೇ ಎರಡನೇ ಓದು ಇರೋದು. ಆದ್ರೆ ಚೀಟಿ ಬದಲಾಯಿಸೋದು ಕಳ್ಳನ ಕೆಲಸ. ನಿಮ್ಮ ಯಜಮಾನ್ರು ತೀರಿಕೊಂಡ ಮೇಲೆ ಅವರ ಚೀಟಿ ಕಿತ್ತು ಈ ಲೆವೆಲ್ನೋನು ತನಗೆ ಬೇಕಾದ್ದು ಬರೆದಿಟ್ಟಿದ್ದಾನೆ ಅಂತ ನಮಗೆ ಅನುಮಾನ. ನಿಮ್ಮ ಯಜಮಾನ್ರ ಕಣ್ಣು ತಪ್ಪುತ್ತಾ?”

“ಇಲ್ಲ,” ಎಂದೆ.

ಕಾಗದ ಮುಂದಿಟ್ಟರು. ನನ್ನ ಗಂಡನ ಕಣ್ಣು ಚೆನ್ನಾಗಿತ್ತು, ಯಾವ ಕಾಯಿಲೆಯೂ ಇರಲಿಲ್ಲ, ನೋಡದೆ ಬರೆಯುವವರಲ್ಲ ಎಂದು ಅದರಲ್ಲಿತ್ತು. ಎರಡು ಸಲ ಓದಿ ಸಹಿ ಮಾಡಿದೆ. ಕಚೇರಿಯ ಗೋಡೆಯ ಮೇಲೆ ಅವರ ಫೋಟೊ ಇದೆ. ಅದನ್ನು ನೋಡಿಕೊಂಡೇ ಸಹಿ ಮಾಡಿದೆ. ಮನಸ್ಸು ಹಗುರಾಯಿತು.

ಫೆಬ್ರವರಿ 9, ಭಾನುವಾರ

ನಲ್ಲಿಯ ಹತ್ತಿರ ಲೆವೆಲ್ ಸಾರ್ ಹೆಂಡತಿಗೆ ಯಾರೂ ಜಾಗ ಬಿಡಲಿಲ್ಲ. ಆಕೆಗೆ ಏಳು ತಿಂಗಳು. ಕೊಡ ಹಿಡಿದು ನಿಂತೇ ಇದ್ದಳು. ಹೆಂಗಸರು ಬೇಕೆಂದೇ ಬಟ್ಟೆಗಳನ್ನು ಎರಡೆರಡು ಸಲ ಜಾಲಿಸಿದರು.

“ಸತ್ತವನ ತಲೆಗೆ ಕಟ್ಟೋಕೆ ನೋಡ್ತಾರಲ್ಲ, ಇವರಿಗೆ ನೀರು ಬೇರೆ ಕೇಡು,” ಎಂದಳು ದೊಡ್ಡಕ್ಕ, ನನಗೆ ಕೇಳಲಿ ಎಂದು.

ನಾನು ನನ್ನ ಕೊಡ ತುಂಬಿಸಿಕೊಂಡು ಬಂದೆ.

ಫೆಬ್ರವರಿ 10, ಸೋಮವಾರ

ಮಧ್ಯಾಹ್ನದ ಊಟ ನಾನು ನಲವತ್ತೊಂದರೊಳಗೆ ಮಾಡುತ್ತೇನೆ. ಸೆಗ್ಮೆಂಟಿನ ಒಳಗು ಟೊಳ್ಳು, ಎರಡು ಕಡೆ ಗೋಡೆ ಇಲ್ಲದ ಕೋಣೆಯ ಹಾಗೆ. ತಲೆ ತಾಗದೆ ನಿಲ್ಲಬಹುದು. ನಲವತ್ತೊಂದು ಅವರ ಕೊನೆಯದು. ಅದರಲ್ಲಿ ಕೂತು ಉಣ್ಣುವುದನ್ನು ಎಲ್ಲರೂ ನೋಡಿಯೂ ನೋಡದ ಹಾಗಿದ್ದಾರೆ.

ಇವತ್ತು ಒಂದು ವಿಷಯ ನೆನಪಾಯಿತು. ತಾವು ಓದಿದ್ದನ್ನು ಅವರು ಮೊದಲು ಸೆಗ್ಮೆಂಟಿನ ಒಳಗೋಡೆಯ ಮೇಲೆ ಪೆನ್ಸಿಲಿನಲ್ಲಿ ಬರೆದು, ಆಮೇಲೆ ಚೀಟಿಗೆ ಇಳಿಸುತ್ತಿದ್ದರು. “ಚೀಟಿ ಹಾರಿ ಹೋಗಬಹುದು, ಗೋಡೆ ಎಲ್ಲಿಗೆ ಹೋಗುತ್ತೆ?” ಎನ್ನುತ್ತಿದ್ದರು. ಅದು ಅವರೊಬ್ಬರದೇ ಅಭ್ಯಾಸ. ಬೇರೆಯವರು ತಮಾಷೆ ಮಾಡುತ್ತಿದ್ದರು, ಆಮೇಲೆ ಮರೆತರು.

ಮೂವತ್ತೊಂದರ ಗೋಡೆಯ ಮೇಲೆ ಅವರ ಅಂಕಿ ಇದ್ದೇ ಇರಬೇಕು. ಅದು ಸರಿಯಾದ ಅಂಕಿಯಾಗಿದ್ದರೆ ಅವರ ಮೇಲೆ ಚೂರೂ ಕಳಂಕ ಉಳಿಯುವುದಿಲ್ಲ. ನಾಳೆ ಟಾರ್ಚ್ ತೆಗೆದುಕೊಂಡು ಹೋಗುತ್ತೇನೆ.

ಫೆಬ್ರವರಿ 11, ಮಂಗಳವಾರ

ಮೂವತ್ತೊಂದರಲ್ಲಿ ಇಲ್ಲ. ಮೂವತ್ತರಲ್ಲಿ ಇಲ್ಲ. ನೀರು ಹೊಡೆದಾಗ ಅಳಿಸಿರಬೇಕು ಎಂದುಕೊಂಡೆ. ಇಪ್ಪತ್ತೊಂಬತ್ತು, ಎಂಟು, ಏಳು, ಇಲ್ಲ. ಇಪ್ಪತ್ತನಾಲ್ಕರವರೆಗೆ ಎಲ್ಲೂ ಇಲ್ಲ.

ಇಪ್ಪತ್ತಮೂರರಲ್ಲಿ ಇದೆ.

ಅಂಗೈ ಅಗಲದ ಅಂಕಿಗಳು. ಒಂದರ ಮೇಲೆ ಒಂದು ಹತ್ತಿಕೊಂಡಿವೆ. ಒಂದು ಸಾಲು ಮೇಲಕ್ಕೆ ಹೋಗಿ ಮೂಲೆಯಲ್ಲಿ ಸಿಕ್ಕಿಕೊಂಡಿದೆ. ನಮ್ಮವರ ಅಕ್ಷರ ಇರುವೆ ಸಾಲಿನ ಹಾಗಿರುತ್ತಿತ್ತು. ಇದು ಬಳಪ ಹಿಡಿಯಲು ಕಲಿಯುವ ಮಗುವಿನ ಬರಹ.

ಇಪ್ಪತ್ತರಲ್ಲಿ ಅದಕ್ಕಿಂತ ಚಿಕ್ಕದು. ಹದಿನೇಳರಲ್ಲಿ ಇನ್ನೂ ಚಿಕ್ಕದು. ಹತ್ತರಲ್ಲಿ ಇರುವೆ ಸಾಲು.

ಊಟದ ಡಬ್ಬಿ ಎಲ್ಲಿ ಬಿಟ್ಟೆನೋ.

ಫೆಬ್ರವರಿ 12, ಬುಧವಾರ

ಕಳೆದ ವರ್ಷದ ಮಧ್ಯದಿಂದ ಅವರು ಸಂಜೆ ಬಂದು ಕೈಕಾಲು ತೊಳೆದು ನನ್ನ ಕೈಗೆ ಪತ್ರಿಕೆ ಕೊಡುತ್ತಿದ್ದರು. “ಓದು. ನಿನ್ನ ದನಿಯಲ್ಲಿ ಕೇಳ್ತೀನಿ.” ಕಣ್ಣು ಮುಚ್ಚಿ ಕೂರುತ್ತಿದ್ದರು. ನಾನು ಏಳನೇ ತರಗತಿ. ದೊಡ್ಡ ಪದ ಬಂದರೆ ಎಡವುತ್ತೇನೆ. ಅವರು ಒಮ್ಮೆಯೂ ನಗಲಿಲ್ಲ. ಮದುವೆಯಾಗಿ ಹನ್ನೊಂದು ವರ್ಷದ ಮೇಲೆ ಈ ಮನುಷ್ಯನಿಗೆ ನನ್ನ ದನಿಯ ಮೇಲೆ ಆಸೆ ಬಂತಲ್ಲ ಎಂದು ಒಳಗೊಳಗೇ ಹಿಗ್ಗಿದ್ದೆ. ಅಡುಗೆ ಮಾಡುವಾಗ ಕಷ್ಟದ ಪದಗಳನ್ನು ಮೊದಲೇ ಬಾಯಿಪಾಠ ಮಾಡಿಕೊಳ್ಳುತ್ತಿದ್ದೆ.

ಕಾಣುತ್ತಿರಲಿಲ್ಲ. ಅದಕ್ಕೆ.

ಲೆವೆಲ್ ಸಾರ್‌ಗೆ ಯಂತ್ರದಲ್ಲಿ ನೋಡುವಾಗ ಅಂಕಿಗಳನ್ನು ಗೊಣಗುವ ಅಭ್ಯಾಸ. ಯಾರ್ಡಿಗೆಲ್ಲ ಗೊತ್ತು, ಮಕ್ಕಳೂ ಅಣಕಿಸುತ್ತವೆ. ನಮ್ಮವರು ಪಕ್ಕದಲ್ಲಿ ನಿಂತು ಕೇಳಿಸಿಕೊಂಡು, ಅನುಮಾನ ಬಾರದಂತೆ ಒಂದು ಮಿಲ್ಲಿಮೀಟರ್ ಹೆಚ್ಚೋ ಕಡಿಮೆಯೋ ಮಾಡಿ ಬರೆದಿರಬೇಕು. ಇಪ್ಪತ್ತನಾಲ್ಕರಿಂದ ನಲವತ್ತೊಂದರವರೆಗೆ ಹದಿನೆಂಟು ಸೆಗ್ಮೆಂಟು. ಬರೆಯಲು ಏನೂ ಓದದಿದ್ದುದರಿಂದ ಗೋಡೆ ಖಾಲಿ. ಗೋಡೆಗೆ ಸುಳ್ಳು ಬರೆಯಲು ಮನಸ್ಸಾಗಿರಲಿಕ್ಕಿಲ್ಲ.

ಹಲಗೆಯೂ ಕಾಣಲಿಲ್ಲ. ನಾಲ್ಕು ತಿಂಗಳಿಂದ ಕೇಳುತ್ತಿದ್ದುದಕ್ಕೆ ಉತ್ತರ ಸಿಕ್ಕಿತು. ಸಿಗದಿದ್ದರೇ ಚೆನ್ನಾಗಿತ್ತು.

ಫೆಬ್ರವರಿ 13, ಗುರುವಾರ

ಲೆವೆಲ್ ಸಾರ್ ಹೆಂಡತಿ ಮನೆಗೇ ಬಂದಳು. ಒಳಗೆ ಬರಲಿಲ್ಲ. ಹೊಸ್ತಿಲಲ್ಲೇ ನಿಂತಳು.

“ಅಕ್ಕಾ, ಸೋಮವಾರ ತೀರ್ಮಾನ ಮಾಡ್ತಾರಂತೆ. ಈ ಹೆಸರು ಹೊತ್ಕೊಂಡು ಹೋದ್ರೆ ಬೇರೆ ಯಾವ ಯಾರ್ಡಿನವರೂ ಇವರನ್ನ ಗೇಟಿಗೆ ಸೇರಿಸಲ್ಲ. ನಮ್ಮವರು ಗೊಣಗ್ತಾರೆ, ನಿಜ. ನಿದ್ದೇಲೂ ಗೊಣಗ್ತಾರೆ, ನನಗೆ ಸಾಕಾಗಿದೆ. ಆದ್ರೆ ಚೀಟಿ ಕದಿಯೋ ಜಾತಿ ಅಲ್ಲ.”

“ನಾನೇನು ಮಾಡ್ಲಿ?”

“ನೀವು ಸಹಿ ಹಾಕಿದೀರಂತೆ.”

ಒಳಗಿನಿಂದ ಅತ್ತೆ, “ಯಾರದು?” ಎಂದರು. ಆಕೆ ಹೊರಟುಹೋದಳು. ಹೋಗುವಾಗ ಸೊಂಟಕ್ಕೆ ಕೈ ಕೊಟ್ಟುಕೊಂಡು ನಿಧಾನವಾಗಿ ಮೆಟ್ಟಿಲಿಳಿದಳು.

ಅವಳ ಮೇಲೆ ಸಿಟ್ಟು ಬಂತು. ಇವರ ಮೇಲೂ ಬಂತು. ಸತ್ತವರ ಮೇಲೆ ಸಿಟ್ಟು ಮಾಡಿಕೊಳ್ಳಬಾರದು. ನನಗೊಂದು ಮಾತು ಹೇಳಬಹುದಿತ್ತಲ್ಲ, ನಾನೇನು ಪಕ್ಕದ ಮನೆಯವಳೇ?

ಫೆಬ್ರವರಿ 14, ಶುಕ್ರವಾರ

ತೇಪೆ ಮೇಸ್ತ್ರಿಯ ತಂಡ ಸೆಗ್ಮೆಂಟುಗಳ ಒಳಗೋಡೆಗೆ ಸಿಮೆಂಟ್ ಹಾಲು ಬಳಿದುಕೊಂಡು ಬರುತ್ತಿದೆ. ಒಂದರಿಂದ ಶುರು ಮಾಡಿದ್ದಾರೆ. ನಾಳೆಗೆ ಇಪ್ಪತ್ತಮೂರು ಮುಗಿಸುತ್ತಾರೆ. ಬಳಿದ ಮೇಲೆ ಅಲ್ಲಿ ಏನಿತ್ತೆಂದು ದೇವರಿಗೂ ಗೊತ್ತಾಗುವುದಿಲ್ಲ. ನಾನು ಏನೂ ಮಾಡಬೇಕಿಲ್ಲ. ಸುಮ್ಮನಿದ್ದರೆ ಸಾಕು. ನನಗೆ ಚೆನ್ನಾಗಿ ಬರುವ ಕೆಲಸ ಅದೊಂದೇ.

ಹೇಳಿದರೆ ಏನಾಗುತ್ತದೆ? ಅವರ ಫೋಟೊ ಇಳಿಸುತ್ತಾರೆ. ನನ್ನದೂ ಸುಳ್ಳು ಸಹಿ ಎನ್ನುತ್ತಾರೆ. ಕೆಲಸ, ಮನೆ. ಅತ್ತೆಯನ್ನು ಎಲ್ಲಿಗೆ ಕರೆದೊಯ್ಯಲಿ? ಹೇಳದಿದ್ದರೆ ಇದೇ ಕೋಣೆಯಲ್ಲಿ, ಮೊಳೆ ಹೊಡೆದ ಕಿಟಕಿಯ ಕೆಳಗೆ, ಇದನ್ನು ಇಟ್ಟುಕೊಂಡು ಬದುಕಬೇಕು.

ಸಂಜೆ ತೇಪೆ ಮೇಸ್ತ್ರಿ ಎದುರಾದ. “ಇಪ್ಪತ್ತು, ಇಪ್ಪತ್ತಮೂರು ಎರಡರೊಳಗೂ ಇನ್ನೂ ತೇವ ಇದೆ, ಸೋಮವಾರ ಮಾಡಣ್ಣ,” ಎಂದೆ. “ಆಯ್ತಮ್ಮ, ನನಗೇನು ಗಂಟು ಹೋಗೋದು,” ಎಂದ. ತೇವ ಏನೂ ಇರಲಿಲ್ಲ. ಯಾಕೆ ಹಾಗೆಂದೆನೋ.

ಫೆಬ್ರವರಿ 15, ಶನಿವಾರ

ಲೇಪ ಸರಿಯಾಗಿ ಹಚ್ಚಲಿಲ್ಲವೆಂದು ದೊಡ್ಡಕ್ಕನಿಂದ ಬೈಸಿಕೊಂಡೆ. “ಒಂದಂಗೈ ಜಾಗ ಬಿಟ್ಟಿದೀಯಲ್ಲೇ! ನಾಳೆ ಎರಡನ್ನೂ ಬೇರೆ ಮಾಡೋಕೆ ನಿನ್ನ ತಾತ ಬರ್ತಾನಾ?”

ಬೈದದ್ದು ಒಳ್ಳೆಯದೇ ಅನ್ನಿಸಿತು. ನಾಲ್ಕು ತಿಂಗಳಲ್ಲಿ ಮೊದಲ ಸಲ ಬೈದಳು.

ಫೆಬ್ರವರಿ 16, ಭಾನುವಾರ

ಅತ್ತೆಗೆ ಹೇಳಿಬಿಟ್ಟೆ.

ಬಟ್ಟೆ ಮಡಿಸುತ್ತಿದ್ದರು. ನಾನು ಎದುರಿಗೆ ಕೂತು, ಗೋಡೆಯ ವಿಷಯ, ಅಂಕಿಗಳ ವಿಷಯ ಎಲ್ಲವನ್ನೂ ತಲೆ ಎತ್ತದೆ ಹೇಳಿದೆ. ಅವರು ಮಡಿಸುವುದನ್ನು ನಿಲ್ಲಿಸಲಿಲ್ಲ. ಎಲ್ಲ ಮುಗಿದ ಮೇಲೆ, “ಗೊತ್ತಿತ್ತು,” ಎಂದರು.

ನನಗೆ ಅರ್ಥವಾಗಲಿಲ್ಲ.

“ಗುಂಡಿ ಹೊಲಿಯೋಕೆ ಸೂಜಿಗೆ ದಾರ ಪೋಣಿಸಿಕೊಡೋ ಅಂದೆ. ಗಾಳಿಗೆ ಪೋಣಿಸ್ತಿದ್ದ. ಕೇಳಿದ್ದಕ್ಕೆ ಕಾಲು ಹಿಡ್ಕೊಂಡ. ‘ಅಮ್ಮಾ, ಗೊತ್ತಾದ್ರೆ ಗೇಟಿನಾಚೆ ಹಾಕ್ತಾರೆ, ಮನೇನೂ ಹೋಗುತ್ತೆ. ಅವಳಿಗೆ ಹೇಳಬೇಡ, ಹೆದರಿಕೊಳ್ತಾಳೆ. ಈ ಸಾಲು ಮುಗೀಲಿ, ಆಪರೇಷನ್ ಮಾಡಿಸ್ಕೊಳ್ತೀನಿ.’ ನಾನೂ ಹೂಂ ಅಂದೆ.” ಸೀರೆಯ ಅಂಚು ಸರಿ ಮಾಡಿದರು. “ಊರಿಗೆಲ್ಲ ಕೇಳೋ ಹಾಗೆ ಗಂಟೆ ಹೊಡೆದವಳು ನಾನು. ಮನೆಯೊಳಗೆ ಬಾಯಿ ಮುಚ್ಚಿಕೊಂಡು ಮಗನ್ನ ಕಳ್ಕೊಂಡೆ.”

“ನನ್ನ ಮೇಲೆ ಸಿಟ್ಟು ಅಂದ್ಕೊಂಡಿದ್ದೆ.”

“ನಿನ್ನ ಮೇಲ್ಯಾಕೆ ಸಿಟ್ಟು? ನಿನ್ನ ಮುಖ ನೋಡೋಕೆ ಆಗ್ತಿರಲಿಲ್ಲ, ಅಷ್ಟೇ.”

ಮಡಿಸಿದ ಬಟ್ಟೆಗಳನ್ನು ಅತ್ತೆ ಎತ್ತಿಟ್ಟರು. ಆಮೇಲೆ, “ಆ ಬಸುರಿ ಹುಡುಗಿ ಮೊನ್ನೆ ಬಂದಿದ್ದು ಇದಕ್ಕೇನಾ?” ಎಂದರು. ಹೌದೆಂದೆ.

“ನಾಳೆ ನಾನೂ ಬರ್ತೀನಿ.”

“ಮನೆ ಹೋದ್ರೆ ಅತ್ತೆ?”

“ಹೋದ್ರೆ ಹೋಗ್ಲಿ. ಮನೆ ಉಳಿಸ್ಕೊಳ್ಳೋಕೆ ಹೋಗಿ ಮನೇಲಿರೋನೇ ಹೋದ. ಇನ್ನೂ ಎಷ್ಟು ಕೊಡೋದು ಈ ನಾಲ್ಕು ಗೋಡೆಗೆ?”

ಫೆಬ್ರವರಿ 17, ಸೋಮವಾರ

ಅತ್ತೆಗೆ ಗೇಟಿನಲ್ಲಿ ಹೆಲ್ಮೆಟ್ ಕೊಟ್ಟರು. ದೊಡ್ಡದಾಗಿತ್ತು. ಹೆಜ್ಜೆಗೊಮ್ಮೆ ಕಣ್ಣಿನ ಮೇಲೆ ಬೀಳುತ್ತಿತ್ತು. “ಇದನ್ನ ಹಾಕ್ಕೊಂಡ್ರೆ ಕಣ್ಣಿದ್ದೋರೂ ಬೀಳ್ತಾರೆ,” ಎಂದು ಕಾವಲಿನವನಿಗೆ ಬೈದು ಬೆಲ್ಟು ಬಿಗಿಸಿಕೊಂಡರು.

ಮ್ಯಾನೇಜರ್ ಮೊದಲು ಬರಲು ಒಪ್ಪಲಿಲ್ಲ. “ಸಹಿ ಆಗಿದೆಯಲ್ಲಮ್ಮ, ಮುಗೀತಲ್ಲ,” ಎಂದರು. “ಅದು ಸುಳ್ಳು ಸಹಿ,” ಎಂದೆ. ನನ್ನ ದನಿ ಅಷ್ಟು ಗಟ್ಟಿಯಾಗಿ ಬಂದದ್ದು ಹೇಗೆಂದು ಗೊತ್ತಾಗಲಿಲ್ಲ.

ಎಲ್ಲರೂ ಹೋದೆವು. ಮ್ಯಾನೇಜರ್, ಅಚ್ಚಿನ ಮೇಸ್ತ್ರಿ, ಹಿಂದೆ ಲೆವೆಲ್ ಸಾರ್. ಹತ್ತಿಪ್ಪತ್ತು ಮಾತು ಒಟ್ಟಿಗೆ ಆಡಿ ಅಭ್ಯಾಸವಿಲ್ಲ ನನಗೆ. ಟಾರ್ಚ್ ಬಿಡುತ್ತಾ ನಡೆದೆ. ಮೊದಲಿನ ಗೋಡೆಗಳನ್ನು ಬಳಿದಾಗಿತ್ತು. ಇಪ್ಪತ್ತರ ಅಂಕಿ ತೋರಿಸಿದೆ, ಇಪ್ಪತ್ತಮೂರರದ್ದು ತೋರಿಸಿದೆ. ಮುಂದಿನದನ್ನು ಇನ್ನೂ ಬಳಿದಿರಲಿಲ್ಲ, ಅದರ ಖಾಲಿ ಗೋಡೆಯನ್ನೂ ತೋರಿಸಿದೆ. “ಇಲ್ಲಿಂದ ಮುಂದೆ ನಲವತ್ತೊಂದರವರೆಗೆ ಏನೂ ಇಲ್ಲ ಸಾರ್. ಅವರಿಗೆ ಕಾಣ್ತಿರಲಿಲ್ಲ. ಲೆವೆಲ್ ಸಾರ್ ಗೊಣಗಿದ್ದನ್ನ ಕೇಳಿ ಬರೆದಿದ್ದಾರೆ. ಚೀಟಿ ಯಾರೂ ಬದಲಾಯಿಸಿಲ್ಲ.”

ಅತ್ತೆ, “ನಾನು ಹೆತ್ತವಳು ಹೇಳ್ತಿದೀನಿ, ನಿಜ,” ಎಂದರು.

ಅಚ್ಚಿನ ಮೇಸ್ತ್ರಿ ಹೆಲ್ಮೆಟ್ ತೆಗೆದ. “ಆವತ್ತು ನಾನೇ ಕೆಳಗಿದ್ದೆ. ಹಲಗೆ ಇಲ್ಲ ಅಂತ ಕೂಗಲಿಲ್ಲ. ನೋಡ್ತಾನೆ ಬಿಡು ಅಂದ್ಕೊಂಡೆ,” ಎಂದ.

ಲೆವೆಲ್ ಸಾರ್ ಇಪ್ಪತ್ತಮೂರಕ್ಕೆ ಮರಳಿ ಹೋಗಿ ಗೋಡೆಯ ಮುಂದೆ ನಿಂತೇ ಇದ್ದರು. ಆ ಅಂಕಿಗಳನ್ನು ಓದುತ್ತಿದ್ದರೆಂದು ಕಾಣುತ್ತದೆ. ತುಟಿ ಅಲ್ಲಾಡುತ್ತಿತ್ತು, ದನಿ ಬರುತ್ತಿರಲಿಲ್ಲ.

ಫೆಬ್ರವರಿ 20, ಗುರುವಾರ

ಫೋಟೊ ಇಳಿಸಿದರು. ಬಟ್ಟೆಯಲ್ಲಿ ಸುತ್ತಿ ನನ್ನ ಕೈಗೇ ಕೊಟ್ಟರು. ದೊಡ್ಡಕ್ಕ ಮೂರು ದಿನದಿಂದ ಮಾತು ಬಿಟ್ಟಿದ್ದಾಳೆ. ಗಂಡನ ಮರ್ಯಾದೆ ತಾನೇ ತೆಗೆದಳಂತೆ ಎಂದು ನಲ್ಲಿಯಲ್ಲಿ ಮಾತು. ಈಗ ಜಾಗ ಬಿಡದಿರುವುದು ನನಗೆ. ಲೆವೆಲ್ ಸಾರ್ ಹೆಂಡತಿ ತನ್ನ ಕೊಡ ಸರಿಸಿ ನನ್ನ ಕೊಡ ಇಟ್ಟಳು.

ಮನೆಯ ವಿಷಯ ಮೇಲಿನವರು ನೋಡುತ್ತಾರಂತೆ. ನೋಡಲಿ.

ಫೆಬ್ರವರಿ 23, ಭಾನುವಾರ

ಅತ್ತೆ ಇಕ್ಕಳ ಕೇಳಿ ತಂದರು. ಇಬ್ಬರೂ ಸೇರಿ ಕಿಟಕಿಯ ಮೊಳೆ ಕಿತ್ತೆವು. ಏಳು ಮೊಳೆ. ಧೂಳು ಬಂತು. ಕೆಮ್ಮುತ್ತಾ ಕೂತೆವು.

ಫೆಬ್ರವರಿ 27, ಗುರುವಾರ

ಕೆಲಸ ಇರುವವರೆಗೆ ಮನೆ ಇರಲಿ ಎಂದು ಕಾಗದ ಬಂತು. ಎಂದರೆ ನಾವು ಇಲ್ಲೇ. ಲೆವೆಲ್ ಸಾರ್‌ಗೆ ಎಚ್ಚರಿಕೆ ಕೊಟ್ಟು ಉಳಿಸಿಕೊಂಡರು. ಮೂವತ್ತೊಂದರಿಂದಾಚೆಗೆ ಓರೆಯಾದ ಸಾಲನ್ನು ಒಡೆದು ಮತ್ತೆ ಹೊಯ್ಯಬೇಕಂತೆ. ನಲವತ್ತೊಂದೂ ಅದರಲ್ಲಿದೆ.

ಇವತ್ತು ಊಟಕ್ಕೆ ಹೆಂಗಸರ ಜೊತೆ ಕೂತೆ. ಬಿಸಿಲು ಜಾಸ್ತಿ ಇತ್ತು, ಅಷ್ಟು ದೂರ ನಡೆಯಲು ಬೇಸರವಾಯಿತು. ದೊಡ್ಡಕ್ಕ ಮಾತಾಡಲಿಲ್ಲ, ಆದರೆ ನೀರಿನ ಬಾಟಲಿ ನನ್ನ ಕಡೆ ಉರುಳಿಸಿದಳು.

ಮಾರ್ಚ್ 3, ಸೋಮವಾರ

ಇಷ್ಟು ದಿನ ಎರಡನೇ ಓದು ಮಾಡುತ್ತಿದ್ದವನು ಬಿಟ್ಟನಂತೆ, ಬೇರೆ ಯಾರೂ ಮುಂದೆ ಬರುತ್ತಿಲ್ಲವಂತೆ. ನಾಳೆ ಏನಾದರೂ ಆದರೆ ಎಂಬ ಹೆದರಿಕೆ. ಬೆಳಗ್ಗೆ ಲೆವೆಲ್ ಸಾರ್ ಲೇಪದ ಬಕೆಟ್ ಹತ್ತಿರ ಬಂದು ನಿಂತರು.

“ಅಂಕಿ ಓದೋಕೆ ಬರುತ್ತಲ್ವಾ ನಿಮಗೆ?”

“ಬರುತ್ತೆ.”

“ಹಾಗಾದ್ರೆ ಬನ್ನಿ.”

ಮೊದಲು ಅವರು ನೋಡಿದರು. ಗೊಣಗಲು ಶುರು ಮಾಡಿದರು.

“ಬಾಯಿ ಮುಚ್ಕೊಂಡು ಓದಿ ಸಾರ್,” ಎಂದೆ. ಕೋಲು ಹಿಡಿದವನು ಕಿಸಕ್ಕನೆ ನಕ್ಕ. ಲೆವೆಲ್ ಸಾರ್ ಕೆಂಪಾಗಿ ತುಟಿ ಕಚ್ಚಿಕೊಂಡರು.

ಆಮೇಲೆ ನಾನು ನೋಡಿದೆ. ದೂರದ ಕೋಲು ಕಣ್ಣಿನೊಳಗೇ ಬಂದು ನಿಂತಿತು. ಕಪ್ಪು, ಬಿಳಿ, ಕೆಂಪು. ಒಂದೊಂದು ಗೆರೆಯೂ ಬೇರೆ ಬೇರೆ. ಇಷ್ಟು ಸ್ಪಷ್ಟ ಇರುತ್ತದೆಂದು ಗೊತ್ತಿರಲಿಲ್ಲ. ಸ್ವಲ್ಪ ಹೊತ್ತು ಕಣ್ಣು ತೆಗೆಯಲಾಗಲಿಲ್ಲ. ಸೆಗ್ಮೆಂಟಿನ ಒಳಗೆ ಹೋಗಿ ಎಡಗೋಡೆಯ ಮೇಲೆ ಪೆನ್ಸಿಲಿನಲ್ಲಿ ಬರೆದೆ, ಆಮೇಲೆ ಚೀಟಿಗೆ ಇಳಿಸಿದೆ. ನಾಲ್ಕನೇ ಬೋಲ್ಟಿನಲ್ಲಿ ನನ್ನದಕ್ಕೂ ಅವರದಕ್ಕೂ ಎರಡು ಮಿಲ್ಲಿಮೀಟರ್ ವ್ಯತ್ಯಾಸ ಬಂತೆಂದು ಕಚೇರಿಯಿಂದ ಹೇಳಿ ಕಳಿಸಿದರು. ಇಬ್ಬರೂ ಮತ್ತೆ ನೋಡಿದೆವು. ನನ್ನದು ಬದಲಾಗಲಿಲ್ಲ.

ಸಂಜೆ ಅತ್ತೆ ಕಿಟಕಿಯ ಬಳಿ ಪತ್ರಿಕೆ ಹಿಡಿದು ಕೂತಿದ್ದರು. ನನ್ನ ಕಡೆ ಚಾಚಿದರು.

“ಓದು.”

“ನೀವೇ ಓದ್ಕೊಳ್ಳಿ ಅತ್ತೆ. ನೀವು ನನಗಿಂತ ಚೆನ್ನಾಗಿ ಓದ್ತೀರಲ್ಲ.”

“ಓದ್ತೀನಿ. ಅವನಿಗೂ ಅದು ಗೊತ್ತಿತ್ತು. ಕಣ್ಣಿನ ವಿಷಯ ನನಗೆ ಗೊತ್ತಾದ ಮೇಲೂ ನನ್ನ ಹತ್ರ ಓದು ಅಂತ ಒಂದು ದಿನ ಕೇಳಲಿಲ್ಲ ಕಣೇ. ನಾನು ಇಲ್ಲೇ ಕೂತಿರ್ತಿದ್ದೆ. ನನ್ನನ್ನ ದಾಟಿಕೊಂಡು ಅಡುಗೆಮನೆಗೆ ಬಂದು ನಿನ್ನ ಕೈಗೆ ಕೊಡ್ತಿದ್ದ.”

ಎರಡು ಪುಟ ಓದಿದೆ. ಮೂರು ಕಡೆ ಎಡವಿದೆ. ಅತ್ತೆ ಕಣ್ಣು ಮುಚ್ಚಿಕೊಂಡಿದ್ದರು, ತಿದ್ದಲಿಲ್ಲ.